ನಾಳೆಪುರದ ಕಾರ್ನರ್ ಸೈಟು

ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಬಿದ್ದಿತ್ತು.

ಅದನ್ನು ನೋಡಿಯೇ ನಂದಿತಾಗೆ ಏನೋ ಎಡವಟ್ಟಾಗಿದೆ ಅನ್ನಿಸಿತು. ಕಲಾಪ್ರದರ್ಶನಕ್ಕೆ ಯಾರೂ ಚಪ್ಪಲಿ ಬಿಟ್ಟು ಬರುವುದಿಲ್ಲ. ಬೆಂಗಳೂರಿನಲ್ಲಿ ಇದೇ ಪ್ರದರ್ಶನ ನಡೆದಾಗ ಜನ ಕಾಫಿ ಲೋಟ ಹಿಡಿದುಕೊಂಡು, ತಲೆ ವಾಲಿಸಿ, "ಇಂಟೆರೆಸ್ಟಿಂಗ್" ಎಂದು ಪಿಸುಗುಟ್ಟಿ ಹೋಗಿದ್ದರು. ಈಗ ನಂಜನಗೂಡಿನ ಊಟಿ ರಸ್ತೆಯ ಪಕ್ಕ, ಈ ಹಳೇ ಅಕ್ಕಿ ಗಿರಣಿಯ ಮುಂದೆ, ಬೆಳಿಗ್ಗೆ ಬಾಗಿಲು ತೆಗೆಯುವ ಮೊದಲೇ ಸಾಲು ನಿಂತಿತ್ತು. ಗರಿಗರಿ ಪಂಚೆಯವರು, ರೇಷ್ಮೆ ಸೀರೆಯವರು, ಮಗುವನ್ನು ಕಂಕುಳಲ್ಲಿ ಇಟ್ಟುಕೊಂಡವರು. ಹಲವರ ಕೈಯಲ್ಲಿ ಆಧಾರ್ ಕಾರ್ಡಿನ ಜೆರಾಕ್ಸ್.

ಆಧಾರ್ ಕಾರ್ಡ್ ಯಾಕೆ?

ಪ್ರದರ್ಶನದ ಹೆಸರು "ನಾಳೆಪುರ". ಕಂಪನಿಗಳು ಊರುಗಳನ್ನು ಹೇಗೆ ನುಂಗುತ್ತವೆ, ನುಂಗುವಾಗ ಎಷ್ಟು ಚೆಂದ ನಗುತ್ತವೆ ಎಂಬುದು ಅದರ ವಸ್ತು. ಅದಕ್ಕಾಗಿ ನಂದಿತಾ ಎಲ್ಲೂ ಇಲ್ಲದ ಒಂದು ಕಂಪನಿಯನ್ನೇ ಹುಟ್ಟಿಸಿದ್ದಳು. ಗಿರಣಿಯ ನಡುವೆ ದೊಡ್ಡ ಮೇಜಿನ ಮೇಲೆ ಆ ಕಂಪನಿ ಕಟ್ಟಲಿರುವ ನಗರದ ಮಾದರಿ: ಹಾಳಾದ ಕಂಪ್ಯೂಟರ್ ಕೀಬೋರ್ಡುಗಳ ಕೀಲಿಗಳೇ ಕಟ್ಟಡ, ಸರ್ಕ್ಯೂಟ್ ಬೋರ್ಡುಗಳೇ ಬೀದಿ. ಒಂದು ಗೋಡೆಯ ತುಂಬ ನೌಕರರ ಐಡಿ ಕಾರ್ಡುಗಳು, ಯಾವುದರಲ್ಲೂ ಮುಖವಿಲ್ಲ. ರಿಸೆಪ್ಷನ್ ಮೇಜಿನ ಮೇಲೊಂದು ಫೋನು. ಎತ್ತಿಕೊಂಡರೆ "ನಿಮ್ಮ ಕರೆ ನಮಗೆ ಅಮೂಲ್ಯ" ಎಂಬ ಇಂಪಾದ ದನಿ, ಮತ್ತೆ ಅದೇ, ಮತ್ತೆ ಅದೇ. ಎದುರಿನ ಎಲ್‌ಇಡಿ ಗೋಡೆಯಲ್ಲಿ ಅಪ್ಪ, ಅಮ್ಮ, ಮಕ್ಕಳು, ನಾಯಿ ಎಲ್ಲರೂ ನಗುತ್ತ ಹುಲ್ಲಿನ ಮೇಲೆ ಓಡುತ್ತಿರುತ್ತಾರೆ. ಬಹಳ ಹೊತ್ತು ನೋಡಿದರೆ ಮಾತ್ರ, ಅವರ ಕಾಲ ಕೆಳಗಿನ ಹುಲ್ಲು ನಿಧಾನಕ್ಕೆ ಕಾಂಕ್ರೀಟಾಗುತ್ತಿರುವುದು ಗೊತ್ತಾಗುತ್ತದೆ.

ಸಾಲಿನ ಮೊದಲಲ್ಲಿ ಇದ್ದವಳು ಹೆಮ್ಮರಗಾಲದ ಮರಿತಾಯಮ್ಮ. ವಯಸ್ಸಾದರೂ ಗಟ್ಟಿ ಕಾಲಿನ ಹೆಂಗಸು. ಒಳಗೆ ಬಂದವಳೇ ಐಡಿ ಕಾರ್ಡುಗಳ ಕಡೆ ತಿರುಗಿಯೂ ನೋಡದೆ ನೇರ ನಗರದ ಮಾದರಿಯ ಹತ್ತಿರ ಹೋದಳು. ಅದನ್ನೊಮ್ಮೆ ಸುತ್ತು ಹಾಕಿದಳು. ಕಿಟಕಿಯತ್ತ ನೋಡಿ ಸೂರ್ಯ ಯಾವ ಕಡೆ ಹುಟ್ಟುತ್ತಾನೆಂದು ಖಾತ್ರಿ ಮಾಡಿಕೊಂಡಳು. ಆಮೇಲೆ ಎರಡು ಬೀದಿಗಳು ಕೂಡುವ ಕಡೆ ಬಗ್ಗಿ, ಅಲ್ಲಿದ್ದ ಎಂಟರ್ ಕೀಲಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ಎಸಳು ಮಲ್ಲಿಗೆ ಇಟ್ಟಳು.

"ಅಮ್ಮಾ, ಅದನ್ನ ಮುಟ್ಬಾರ್ದು!" ನಂದಿತಾ ಓಡಿ ಬಂದಳು.

"ಮುಟ್ದೆ ಎಂಗವ್ವ ಪೂಜೆ ಮಾಡದು?" ಮರಿತಾಯಮ್ಮ ಸೊಂಟದ ಸಂಚಿಯಿಂದ ಎಲೆ ಅಡಿಕೆ ತೆಗೆದು, ಮೇಲೊಂದು ಬಾಳೆಹಣ್ಣಿಟ್ಟು ಅವಳ ಕೈಗೆ ನೀಡಿದಳು. "ತಕೊ ವೀಳ್ಯ. ಈ ಮೂಲೆದು ನಂಗೆ. ಮೂಡ್ಲಿಗೆ ಬಾಗ್ಲು ಬತ್ತದೆ."

ನಂದಿತಾ ಟಿ. ನರಸೀಪುರದ ಮನೆಯಲ್ಲಿ ಬೆಳೆದವಳು. ಹಿರಿಯರು ವೀಳ್ಯ ಕೊಟ್ಟರೆ ಎರಡೂ ಕೈ ಚಾಚಿ ಈಸಿಕೊಂಡು ಕಣ್ಣಿಗೊತ್ತಿಕೊಳ್ಳುವುದು ಅವಳ ಮೈಗೇ ಗೊತ್ತಿತ್ತು. ತಲೆ ಯೋಚನೆ ಮಾಡುವ ಮೊದಲೇ ಕೈ ಕೆಲಸ ಮುಗಿಸಿಬಿಟ್ಟಿತ್ತು.

ಹಿಂದಿನ ಸಾಲಿನಿಂದ ದೊಡ್ಡ ನಿಟ್ಟುಸಿರು ಎದ್ದಿತು.

"ಓಯ್ತು ಕಣ್ಲಾ ಕಾರ್ನರ್ ಸೈಟು! ವೀಳ್ಯ ಈಸ್ಕೊಂಡ್ಮೇಲೆ ಮಾತಾದಂಗೇ."

"ಕೋಳಿ ಕೂಗಕೆ ಮುಂಚೆ ಬಂದು ನಿಂತವ್ಳೆ, ಆವಮ್ಮಂಗಲ್ದೆ ಇನ್ಯಾರ್ಗೆ ಸಿಕ್ಕದು?"

ಆಗ ನಂದಿತಾಗೆ ಅರ್ಥವಾಯಿತು. ಇವರು ಯಾರೂ ಕಲೆ ನೋಡಲು ಬಂದಿಲ್ಲ. ಸೈಟು ಕೊಳ್ಳಲು ಬಂದಿದ್ದಾರೆ.

ಎಲ್‌ಇಡಿ ಗೋಡೆಯ ಹಿಂದೆ ಶಿವರಾಜು ವೈರುಗಳ ನಡುವೆ ಕುಳಿತಿದ್ದ. ಹತ್ತಿರದ ಹೆಡತಲೆ ಹಳ್ಳಿಯವನು. ನಂಜನಗೂಡಿನಲ್ಲಿ ಅವನದೇ ಸೌಂಡ್ಸ್ ಅಂಗಡಿ. ಮದುವೆ, ಸಭೆ, ಹೊಸ ಲೇಔಟಿನ ಉದ್ಘಾಟನೆ ಯಾವುದೇ ಇರಲಿ, ಪರದೆ ಅವನದು, ಮೈಕು ಅವನದು. ದನಿಯೂ ಅವನದೇ. ಲಸಿಕೆ ಶಿಬಿರ, ಕರೆಂಟ್ ಕಡಿತ, ಕಳೆದುಹೋದ ಎಮ್ಮೆ ಎಲ್ಲದರ ಸುದ್ದಿಯೂ ಸುತ್ತಿನ ಹಳ್ಳಿಗಳಿಗೆ ಮುಟ್ಟುತ್ತಿದ್ದುದು ಆ ದನಿಯಲ್ಲೇ. ಕಾಯಿಸಿದ ಹಾಲಿನ ಹಾಗೆ ಬೆಚ್ಚಗಿನ, ಅವಸರವಿಲ್ಲದ ದನಿ.

ಅವಳನ್ನು ಕಂಡದ್ದೇ ಅವನ ಮುಖ ಅರಳಿತು. "ಜನ ಸಾಕಾ ಮೇಡಂ? ಸುತ್ತೂರು ಕಡೆಯೋರು ಇನ್ನೂ ಬಸ್ಸಲ್ಲಿ ಬತ್ತಾವ್ರೆ."

"ಏನ್ರೀ ಪ್ರಚಾರ ಮಾಡಿದ್ರಿ ನೀವು?"

"ಆಟೋಗೆ ಮೈಕ್ ಕಟ್ಟಿ ಊರೂರು ಸುತ್ತಿದೆ. ನೀವೇ ಪೇಪರ್ ಕೊಟ್ಟಿದ್ರಲ್ಲ." ಅವನು ಗಂಟಲು ಸರಿಮಾಡಿಕೊಂಡ. "ಆತ್ಮೀಯ ಬಂಧುಗಳೇ, ನಿಮ್ಮ ಊರೇ ನಗರವಾಗುವ ದಿನ ಬಂದಿದೆ. ನಾಳೆಪುರ! ಇಲ್ಲಿ ಸೂರ್ಯ ಹುಟ್ಟುವುದೂ ನಿಮ್ಮ ಅನುಕೂಲಕ್ಕೆ ತಕ್ಕಂತೆ..."

ನಂದಿತಾ ಹಣೆ ಒತ್ತಿಕೊಂಡಳು. ಅದು ಅವಳೇ ಬರೆದ ಕರಪತ್ರ. ಒಂದೊಂದು ಸಾಲನ್ನೂ ಗೇಲಿಗೆಂದೇ ಹೊಸೆದಿದ್ದಳು. ಆ ದನಿಯಲ್ಲಿ ಗೇಲಿಯೆಲ್ಲ ಕರಗಿ, ಬರೀ ಭರವಸೆ ಉಳಿದಿತ್ತು. ಅವಳಿಗೇ ಒಂದು ಸೈಟು ಕೊಳ್ಳೋಣವೆನಿಸಿತು.

"ಅದು ವ್ಯಂಗ್ಯ ಕಣ್ರೀ!"

"ವ್ಯಂಗ್ಯ ಅಂತ ಪೇಪರ್ನಲ್ಲಿ ಎಲ್ಲಿ ಬರೆದಿತ್ತು?"

"ಇದು ಕಂಪನಿ ಅಲ್ಲ. ಕಂಪನಿಗಳನ್ನ ಆಡಿಕೊಳ್ಳೋ ಆರ್ಟ್ ಎಕ್ಸಿಬಿಷನ್. ಈ ವಾರವೆಲ್ಲ ಇಲ್ಲೇ ಇದ್ರಲ್ಲ, ಅಷ್ಟೂ ಗೊತ್ತಾಗ್ಲಿಲ್ವಾ?"

ಶಿವರಾಜು ಬಾಯಿಗೆ ಕಚ್ಚಿಕೊಂಡಿದ್ದ ಟೆಸ್ಟರನ್ನು ತೆಗೆದು, ಒರೆಸಿ, ಮತ್ತೆ ಒರೆಸಿದ. "ನೀವು ಕಂಪ್ನಿ ಡಿಸೈನರು ಅಂದ್ಕೊಂಡಿದ್ದೆ." ಟೆಸ್ಟರನ್ನು ಜೇಬಿಗೆ ಸಿಗಿಸಿಕೊಂಡು ಹೇಳಿದ: "ಬೇರೆ ಲೇಔಟ್‌ನೋರು ಕರೆದ್ರೆ ಮೊದ್ಲು ಕಾಗದಪತ್ರ ತೋರ್ಸಿ ಅಂತೀನಿ ಮೇಡಂ. ನೋಡ್ದೆ ಮೈಕ್ ಮುಟ್ಟಲ್ಲ. ಅದ್ಕೇ ಊರೋರು ನನ್ ದನಿ ನಂಬೋದು."

"ಮತ್ತೆ ನನ್ನ ಹತ್ರ ಯಾಕೆ ಕೇಳ್ಲಿಲ್ಲ?"

"ಮರ್ತೋಯ್ತು."

"ಹೇಗೆ ಮರ್ತೋಗುತ್ತೆ?"

"ಹೆಂಗೆ ಅಂದ್ರೆ..." ಅವನು ಅವಳನ್ನು ಬಿಟ್ಟು ಉಳಿದೆಲ್ಲವನ್ನೂ ನೋಡಿದ. "ಕೇಳೋಣ ಅಂತ ಬಂದೆ. ನೀವು ಏಣಿ ಮೇಲಿದ್ರಿ. ಕೂದ್ಲಿಗೆ ಪೆನ್ಸಿಲ್ ಸಿಗಿಸ್ಕೊಂಡು ಏನೋ ಗುನುಗ್ತಿದ್ರಿ."

ಪರದೆಯ ಹಿಂದಿನ ನೀಲಿ ಬೆಳಕಿನಲ್ಲಿ ಅವನ ಕಿವಿ ಮಾತ್ರ ಕೆಂಪಗಿತ್ತು. ನಂದಿತಾಗೆ ಬೈಯಬೇಕಿದ್ದ ಮಾತು ನಾಲಿಗೆಯ ತುದಿಯವರೆಗೆ ಬಂದು, ದಾರಿ ತಪ್ಪಿ, ಎಲ್ಲೋ ಹೋಯಿತು. ವಾರವೆಲ್ಲ ಹೀಗೇ ಆಗಿತ್ತು. ಪರದೆ ಸ್ವಲ್ಪ ಎಡಕ್ಕೆ ಎಂದರೆ ಅವನು ಮೊದಲು ಅವಳನ್ನು ನೋಡುತ್ತಿದ್ದ, ಆಮೇಲೆ ಎಡವನ್ನು. ಸರಿಯಾಗಿ ಕೂತ ಪರದೆಯನ್ನೂ ಅವಳು ಒಮ್ಮೊಮ್ಮೆ ಸುಮ್ಮನೆ ಎಡಕ್ಕೆ ಸರಿಸಲು ಹೇಳಿದ್ದುಂಟು.

"ಸರಿ, ಹೋಗಿ ನಿಜ ಹೇಳ್ತೀನಿ," ಎಂದು ಹೊರಟಳು.

ಅಷ್ಟರಲ್ಲಿ ಫೋನ್ ಬಂತು. ಮೇಘನಾ, ಅವಳ ಪ್ರದರ್ಶನಗಳನ್ನು ರೂಪಿಸುವ ಬೆಂಗಳೂರಿನ ಗೆಳತಿ. ಗಿರಣಿಯ ಮೂಲೆಗಳಲ್ಲಿ ಇಟ್ಟಿದ್ದ ಕ್ಯಾಮೆರಾಗಳ ಮೂಲಕ ಅವಳು ಅಲ್ಲಿಂದಲೇ ಎಲ್ಲ ನೋಡುತ್ತಿದ್ದಳು.

"ನಂದು! ಏನೇ ಇದು! ಆ ಅಜ್ಜಿ ಕುಂಕುಮ ಇಟ್ಟಿದ್ದು! ನೀನು ಜೀನಿಯಸ್!"

"ಅವ್ರಿಗೆ ಇದು ಸುಳ್ಳು ಅಂತ ಗೊತ್ತಿಲ್ಲ ಮೇಘನಾ. ಈಗ ಹೇಳೋಕೆ ಹೋಗ್ತಿದ್ದೆ."

"ಹುಚ್ಚಿ! ಹೇಳ್ಬೇಡ. ಇಷ್ಟು ದಿನ ನಿಂದು ಬರೀ ಮಾಡೆಲ್ ಆಗಿತ್ತು, ಈಗ ಉಸಿರಾಡ್ತಿದೆ. ಸಂಜೆವರೆಗೂ ರೆಕಾರ್ಡ್ ಆಗ್ಲಿ. ಬರ್ಲಿನ್ ಫೆಲೋಶಿಪ್‌ನೋರಿಗೆ ಇದೊಂದು ವಿಡಿಯೋ ಸಾಕು. ಯೋಚ್ನೆ ಮಾಡು, ಅಲ್ಲಿ ನಿಂದೇ ಒಂದು ಸ್ಟುಡಿಯೋ!"

ಆ ಸ್ಟುಡಿಯೋ ನಂದಿತಾಳ ಎಷ್ಟೋ ವರ್ಷಗಳ ಕನಸು. ಎತ್ತರದ ಕಿಟಕಿ, ಉತ್ತರದ ಬೆಳಕು, ಬಾಡಿಗೆಯ ಚಿಂತೆಯಿಲ್ಲದ ಬೆಳಗು. ಅರ್ಜಿ ಎರಡು ಸಲ ತಿರಸ್ಕೃತವಾಗಿತ್ತು.

ಸಂಜೆಯವರೆಗೆ ತಾನೇ, ಅಂದುಕೊಂಡಳು. ಸಂಜೆ ಎಲ್ಲರಿಗೂ ಒಟ್ಟಿಗೇ ಹೇಳಿದರಾಯಿತು. ಹೋಗಿ ರಿಸೆಪ್ಷನ್ ಮೇಜಿನ ಹಿಂದೆ ಕುಳಿತಳು.

ಬೋರಯ್ಯ ಎಂಬ ಹಿರಿಯರು ಮುಂದೆ ಬಂದರು. "ಕರೆಂಟು ಯಾವಾಗ್ಲೂ ಇರ್ತದಾ ತಾಯಿ?"

"ನಾಳೆಪುರದಲ್ಲಿ ಕತ್ತಲೆಯೇ ಆಗುವುದಿಲ್ಲ," ಎಂದಳು. ಕರಪತ್ರದಲ್ಲಿ ಹಾಗೇ ಇತ್ತು.

"ಅಂಗಾದ್ರೆ ನಿದ್ದೆ?"

"ಅದಕ್ಕೆ ಬೇರೆ ಪ್ಯಾಕೇಜ್ ಇದೆ."

ಬೋರಯ್ಯ ತಲೆದೂಗಿದರು. ಹಿಂದೆ ಎಲ್‌ಇಡಿ ಮುಂದೆ ನಿಂತವರು ಖುಷಿಯಲ್ಲಿದ್ದರು. "ಅಗೋ ನೋಡ್ಲಾ, ಉಲ್ಲೆಲ್ಲ ಕಾಂಕ್ರೀಟ್ ಮಾಡ್ತಾವ್ರೆ! ಮಳೆ ಬಂದ್ರೂ ಕೆಸರಾಗಕಿಲ್ಲ." ಫೋನ್ ಹಿಡಿದಿದ್ದ ಹೆಂಗಸು ಪಕ್ಕದವಳಿಗೆ ಹೇಳುತ್ತಿದ್ದಳು: "ಲೈನ್ ಸಿಕ್ಕಾಕಿಲ್ಲ ಕಣಕ್ಕ. ಬಾಳ ನಡೀತಾ ಅದೆ ಕಂಪ್ನಿ."

ನಂದಿತಾಗೆ ನಗು ಬಂತು. ಜೊತೆಗೇ ನಾಚಿಕೆಯೂ ಆಯಿತು. ಎರಡನ್ನೂ ಅದುಮಿಕೊಂಡು ಮುಂದಿನವರಿಗೆ ನಮಸ್ಕಾರ ಹೇಳಿದಳು.

ಮಧ್ಯಾಹ್ನದ ಹೊತ್ತಿಗೆ ಶಿವರಾಜು ಎಳನೀರು ತಂದು ಮೇಜಿನ ಮೇಲಿಟ್ಟ. ಅವನ ಮುಖದಲ್ಲಿ ಬೆಳಗಿನ ಕಳೆಯಿರಲಿಲ್ಲ.

"ಇನ್ನೂ ಹೇಳಿಲ್ವಾ?"

"ಸಂಜೆ ಹೇಳ್ತೀನಿ."

"ಬನ್ನಿ ಇಲ್ಲಿ." ಪರದೆಯ ಹಿಂದಕ್ಕೆ ಹೋದ. ಅವಳೂ ಹೋದಳು. "ಮರಿತಾಯಮ್ಮ ಫ್ಯಾಕ್ಟರಿ ಗೇಟ್ ಮುಂದೆ ಒಂದು ಅಂಗ್ಡಿ ಮಾತಾಡಿದ್ರು. ಮುದ್ದೆ ಊಟದ ಮೆಸ್ ಮಾಡ್ಬೇಕು ಅಂತ ವರ್ಷದಿಂದ ಆ ಜಾಗಕ್ಕೆ ಅಲೀತಿದ್ರು. ಈಗ ಅದು ಬ್ಯಾಡ ಅಂತ ಓನರ್‌ಗೆ ಫೋನ್ ಮಾಡ್ಬುಟ್ರು. ನಾಳೆಪುರದಲ್ಲಿ ಕಾರ್ನರ್ ಸೈಟೇ ಸಿಕ್ಕೈತಲ್ಲ."

ಅವನ ಪುಟ್ಟ ಮಾನಿಟರಿನಲ್ಲಿ ನಗುವ ಕುಟುಂಬ ಓಡುತ್ತಲೇ ಇತ್ತು.

"ಸಂಜೆವರೆಗೂ ಯಾಕೆ?" ಎಂದ.

ಅವಳು ಹೇಳಿದಳು. ಕ್ಯಾಮೆರಾ, ವಿಡಿಯೋ, ಬರ್ಲಿನ್, ಎಲ್ಲವನ್ನೂ. ಹೇಳುತ್ತ ಹೇಳುತ್ತ ತನ್ನ ಮಾತು ತನಗೇ ಕರಪತ್ರದ ಹಾಗೆ ಕೇಳಿಸಿತು. "ಇದರಿಂದ ಯಾರಿಗೂ ತೊಂದರೆ ಆಗೋಕೆ ಬಿಡಲ್ಲ. ಆ ಅಂಗಡಿ ವಿಷಯ ನಾನು ಸರಿಮಾಡ್ತೀನಿ. ಬರೀ ಸಂಜೆವರೆಗೂ ಶಿವರಾಜು."

ಮೊದಲ ಸಲ ಅವಳು ಅವನನ್ನು ಹೆಸರು ಹಿಡಿದು ಕರೆದಿದ್ದಳು. ಬೇರೆ ಯಾವ ಹೊತ್ತಿನಲ್ಲಾದರೂ ಅವನು ಅದನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದ.

"ಅವ್ರು ನಿಮ್ಮನ್ನ ನಂಬಿ ಬಂದಿಲ್ಲ ಮೇಡಂ, ನನ್ನನ್ನ ನಂಬಿ ಬಂದವ್ರೆ," ಎಂದ. ದನಿ ಏರಲಿಲ್ಲ. ಏರಿದ್ದರೆ ಒಳ್ಳೆಯದಿತ್ತು. "ನನ್ ದನಿ ನನಗೆ ವಾಪಸ್ ಕೊಟ್ಬುಡಿ. ಹೊರಡ್ತೀನಿ."

ಅವನು ಹೋದ ಮೇಲೆ ನಂದಿತಾ ಅಲ್ಲೇ ವೈರುಗಳ ನಡುವೆ ಕುಸಿದು ಕುಳಿತಳು. ಎದುರಿಗೆ ಅವನು ಬಿಟ್ಟುಹೋದ ಪುಟ್ಟ ಮಾನಿಟರು. ಅದರಲ್ಲಿ ಎರಡು ಚಿತ್ರ ಒಟ್ಟಿಗೇ ಓಡುತ್ತಿದ್ದವು. ಒಂದು ಕಡೆ ನಾಳೆಪುರದ ಜಾಹೀರಾತಿನ ಹೆಂಗಸು ಕೈಜೋಡಿಸಿ ಬರಮಾಡಿಕೊಳ್ಳುವ ದೃಶ್ಯ. ಇನ್ನೊಂದು ಕಡೆ ಬೆಳಗಿನ ರೆಕಾರ್ಡಿಂಗ್: ಮೇಜಿನ ಹಿಂದೆ ಕುಳಿತು ಬೋರಯ್ಯನವರಿಗೆ ಕೈಮುಗಿಯುತ್ತಿರುವ ನಂದಿತಾ.

ತಲೆ ವಾಲಿಸುವ ಅದೇ ರೀತಿ. ಅದೇ ಹಲ್ಲು. ಆ ಜಾಹೀರಾತಿನ ನಟಿಗೆ ಆ ನಗುವನ್ನು ಕಲಿಸಿದವಳು ಇವಳೇ. "ಕಣ್ಣು ನಗಬಾರದು, ಬಾಯಿ ಮಾತ್ರ" ಎಂದು ಹೇಳಿಕೊಟ್ಟಿದ್ದಳು. ಈಗ ತನ್ನ ಮುಖಕ್ಕೆ ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ತಾನಾಗಿಯೇ ಬಂದಿತ್ತು.

ಕ್ಯಾಮೆರಾಗಳ ಪ್ಲಗ್ಗು ಕಿತ್ತಳು. ರೆಕಾರ್ಡಿಂಗ್ ಅಳಿಸಿದಳು. ಅಳಿಸಬೇಕೇ ಎಂದು ಯಂತ್ರ ಮತ್ತೊಮ್ಮೆ ಕೇಳಿತು, ಹೌದು ಅಂದಳು. ಆಮೇಲೆ ಹೊರಗೆ ಬಂದು ಕುರ್ಚಿಯ ಮೇಲೆ ಹತ್ತಿ ನಿಂತಳು.

"ದಯವಿಟ್ಟು ಕೇಳಿ! ಇಲ್ಲಿ ಯಾವ ಸೈಟೂ ಇಲ್ಲ!"

ಎಲ್ಲರೂ ಅವಳ ಕಡೆ ತಿರುಗಿದರು.

"ಎಲ್ಲಾ ಬುಕ್ಕಾಗೋಯ್ತಾ?" ಒಬ್ಬರು ಕೇಳಿದರು.

"ಬುಕ್ ಆಗಿಲ್ಲ. ಇಲ್ಲವೇ ಇಲ್ಲ. ಕಂಪನಿಯೂ ಇಲ್ಲ. ಇದು ಕಲೆ!"

"ದೊಡ್ಡೋರ್ಗೆ ಅಂತ ಎತ್ತಿಟ್ಟಿದ್ರೆ ನೇರ್ವಾಗಿ ಏಳಿ ತಾಯಿ, ಕತೆ ಯಾಕ್ ಕಟ್ಟೀರಿ?" ಬೋರಯ್ಯ ನೊಂದುಕೊಂಡು ಹೇಳಿದರು.

"ಅದೇ ಮತ್ತೆ! ಬೆಳಿಗ್ಗೆ ಇತ್ತಂತೆ, ಮಧ್ಯಾಹ್ನಕ್ಕೆ ಇಲ್ವಂತೆ!"

ಅವಳು ಇಲ್ಲವೆಂದಷ್ಟೂ ನಾಳೆಪುರ ಇನ್ನಷ್ಟು ನಿಜವಾಗುತ್ತ ಹೋಯಿತು. ಸುಳ್ಳು ಅಷ್ಟು ಸಲೀಸಾಗಿ ನಡೆದಿತ್ತು. ನಿಜಕ್ಕೆ ಯಾರೂ ಮೈಕು ಕಟ್ಟಿರಲಿಲ್ಲ. ನಂದಿತಾ ಕುರ್ಚಿಯಿಂದ ಇಳಿದು ರಸ್ತೆಗೆ ಓಡಿದಳು.

ಆಟೋ ಹೊಂಗೆ ಮರದ ಕೆಳಗೆ ನಿಂತಿತ್ತು. ಶಿವರಾಜು ಒಳಗೆ ಕಾಲು ಚಾಚಿ ಕುಳಿತಿದ್ದ.

"ಹೊರಡ್ತೀನಿ ಅಂದ್ರಲ್ಲ," ಎಂದಳು ಏದುಸಿರಿನಲ್ಲಿ.

"ಎಲ್‌ಇಡಿ ನಂದು. ಬಿಟ್ಟು ಹೆಂಗ್ ಹೋಗ್ಲಿ?"

"ಎಲ್‌ಇಡಿ ಕಾಯ್ತಿದ್ರಾ?"

"ಹೂಂ. ಎಲ್‌ಇಡೀನೇ." ಸುಳ್ಳು ಹೇಳಲು ಆ ದನಿಗೆ ಅಭ್ಯಾಸವಿರಲಿಲ್ಲ. ಕೊನೆಯ ಅಕ್ಷರ ಜಾರಿತು.

"ವಿಡಿಯೋ ಅಳಿಸಿಬಿಟ್ಟೆ. ಅವ್ರಿಗೆ ನಿಜ ಹೇಳ್ದೆ. ಯಾರೂ ನಂಬ್ತಿಲ್ಲ." ಅವಳ ಕಣ್ಣು ತುಂಬಿತ್ತು, ನಗುವೂ ಬರುತ್ತಿತ್ತು. "ನೀವು ಹೇಳಿ. ನಿಮ್ಮ ಮಾತಾದ್ರೆ ನಂಬ್ತಾರೆ."

ಅವನು ಬಹಳ ಹೊತ್ತು ಅವಳನ್ನೇ ನೋಡಿದ. ಈ ಸಲ ಉಳಿದದ್ದನ್ನೆಲ್ಲ ಬಿಟ್ಟು ಅವಳನ್ನೇ.

"ಇಲ್ಲಿರೋರಿಗೆ ನಾನು ಹೇಳ್ತೀನಿ. ಊರುಗಳಲ್ಲಿ ಇಬ್ರೂ ಹೇಳೋಣ. ಹತ್ತಿ."

ಗಿರಣಿಯ ಮುಂದೆ ಅವನು ಮೈಕಿನಲ್ಲಿ ಹೇಳಿದ ಮೇಲೆ ಜನ ನಂಬಿ ಚದುರಿದರು. ಮೈಕಿನ ವೈರು ಗಿಡ್ಡ. ಹಾಗಾಗಿ ಆಟೋದ ಮುಂದಿನ ಸೀಟಿನಲ್ಲೇ, ಅವನ ಭುಜಕ್ಕೆ ಭುಜ ತಾಗಿಸಿ ಕೂರಬೇಕಾಯಿತು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ.

"ಆತ್ಮೀಯ ಬಂಧುಗಳೇ," ಅವನು ಶುರುಮಾಡುತ್ತಿದ್ದ, "ನಾಳೆಪುರ ಅನ್ನೋ ಊರಿಲ್ಲ, ಸೈಟಿಲ್ಲ. ನಾನು ಕೇಳ್ದೆ ಕೂಗ್ಬುಟ್ಟೆ. ಮಾಡಿದೋರೇ ಹೇಳ್ತಾರೆ, ಕೇಳಿ." ಆಮೇಲೆ ಅವಳು. ಸುತ್ತೂರಿನಲ್ಲಿ ಅವಳು "ಕಲಾತ್ಮಕ ಪ್ರತಿರೋಧ" ಎಂದಾಗ ಬಸ್‌ಸ್ಟ್ಯಾಂಡಿನಲ್ಲಿ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಂದಿನ ಊರಿಗೆ ಬರುವಷ್ಟರಲ್ಲಿ ಪಳಗಿದ್ದಳು. "ಕಂಪನಿಗಳು ನಮಗೆ ಹೇಗೆ ಆಸೆ ತೋರಿಸ್ತವೆ ಅಂತ ತೋರ್ಸೋಕೆ ಹೋಗಿ ನಾನೇ ನಿಮಗೆ ಆಸೆ ತೋರ್ಸಿಬಿಟ್ಟೆ. ಕ್ಷಮ್ಸಿ. ನಾಳೆ ಬನ್ನಿ, ಬೈಯೋಕಾದ್ರೂ ಬನ್ನಿ."

ಅದು ಹೆಡತಲೆ. ಅವನದೇ ಊರು. ಮಾತು ಮುಗಿಸಿ, ಮೈಕನ್ನು ಮಡಿಲಲ್ಲಿಟ್ಟುಕೊಂಡು ಅವನ ಕಡೆ ತಿರುಗಿದಳು. "ಒಂದ್ ಮಾತು ಕೇಳ್ಲಾ? ನನ್ನ ಜೊತೆ ಮಾತಾಡುವಾಗೆಲ್ಲ ನಿಮ್ಮ ಕಿವಿ ಯಾಕೆ ಹಾಗೆ ಕೆಂಪಗಾಗುತ್ತೆ?"

ಆ ಪ್ರಶ್ನೆ ಬೀದಿಯ ಎರಡೂ ಬದಿಯ ಮನೆಗಳಿಗೆ ಬಡಿದು, ಗದ್ದೆಯ ಮೇಲೆ ಹಾದು, ತಿರುಗಿ ಬಂತು.

ಶಿವರಾಜು ಮೆಲ್ಲಗೆ ಕೈ ಚಾಚಿ ಸ್ವಿಚ್ ಆಫ್ ಮಾಡಿದ. "ಮೈಕ್ ಆನ್ ಇತ್ತು."

ಜಗುಲಿಯ ಮೇಲಿಂದ ಯಾರೋ ಕೂಗಿದರು: "ಏಳ್ಬುಡು ಶಿವ್ರಾಜಣ್ಣ! ನಾವೂ ಕೇಳ್ಕೊತೀವಿ!"

ಹೆಮ್ಮರಗಾಲ ತಲುಪುವವರೆಗೂ ಇಬ್ಬರೂ ಮಾತಾಡಲಿಲ್ಲ. ಒಬ್ಬರು ನಕ್ಕರೆ ಇನ್ನೊಬ್ಬರಿಗೂ ನಗು ಬಂದುಬಿಡುತ್ತದೆಂದು ಇಬ್ಬರೂ ರಸ್ತೆಯನ್ನೇ ನೋಡುತ್ತಿದ್ದರು.

ಮರಿತಾಯಮ್ಮ ಎಲ್ಲವನ್ನೂ ಕೇಳಿಸಿಕೊಂಡಳು. ಹಿತ್ತಲಿನಲ್ಲಿ ಹಸುವಿಗೆ ಹುಲ್ಲು ಹಾಕುತ್ತಲೇ ಕೇಳಿಸಿಕೊಂಡಳು. ಕೊನೆಗೆ ಕೈ ಒರೆಸಿಕೊಂಡು ಸೊಂಟಕ್ಕೆ ಕೈಯಿಟ್ಟು ನಿಂತಳು.

"ಅಂದ್ರೆ ನೀನು ಕಂಪ್ನಿ ಯೇಸ ಆಕ್ಕೊಂಡಿದ್ದೆ ಅನ್ನು."

"ಹೌದಮ್ಮ."

"ಮೊದ್ಲೇ ಏಳಿದ್ರೆ ಚಪ್ಪಾಳೆ ತಟ್ಟಿ ಬತ್ತಿದ್ದೆ. ನನ್ ಅಂಗ್ಡಿ ಕಳೆದ್ಯಲ್ಲೇ ಉಡುಗಿ!" ಫೋನು ತೆಗೆದು ನಂಬರು ಒತ್ತಿ ನಂದಿತಾಳ ಕೈಗೆ ತುರುಕಿದಳು. "ನೀನೇ ಮಾತಾಡು. ಅಂಗ್ಡಿ ಓನರ್ರು."

ನಂದಿತಾ ಮಾತಾಡಿದಳು. ತಪ್ಪು ನನ್ನದು, ಅವರದಲ್ಲ, ಆ ಅಂಗಡಿ ಅವರಿಗೇ ಕೊಡಿ ಎಂದಳು. ಅತ್ತಲಿಂದ ಓನರು, ಇನ್ನೊಬ್ಬರಿಗೆ ಮಾತು ಕೊಟ್ಟಾಗಿದೆಯಲ್ಲ ಎಂದು ರಾಗ ಎಳೆದರು. ನಂದಿತಾ ಬಿಡಲಿಲ್ಲ. ಬೇಡಿಕೊಂಡಳು, ತನ್ನ ಕೆಲಸವೇನೆಂದು ವಿವರಿಸಿದಳು, ಮತ್ತೆ ಬೇಡಿಕೊಂಡಳು. ಚಿತ್ರ ಬರೆಯುವವಳು ಎಂದದ್ದೇ ತಡ, ಓನರ ದನಿ ಬದಲಾಯಿತು.

"ಅಂಗ್ಡಿಗೆ ಬೋರ್ಡ್ ಬರೆದುಕೊಡ್ತೀರಾ? ಪಕ್ಕದ ನಮ್ ಮೆಡಿಕಲ್ ಸ್ಟೋರ್‌ಗೂ?"

"ಎರಡಕ್ಕೂ ಬರೆದುಕೊಡ್ತೀನಿ."

"ಆಯ್ತು, ಮರಿತಾಯಮ್ಮಂಗೆ ಹೇಳಿ. ಅಂಗ್ಡಿ ಅವ್ರದೇ."

ನಂದಿತಾ ಬೆಳಗಿನ ಎಲೆ ಅಡಿಕೆಯನ್ನು ಚೀಲದಿಂದ ತೆಗೆದಳು. ಮರಿತಾಯಮ್ಮ ಅವಳ ಕೈಯನ್ನು ಹಾಗೇ ಮಡಚಿದಳು. "ಕೊಟ್ಟ ವೀಳ್ಯ ಈಸ್ಕೊಳಾಕಿಲ್ಲ. ಸುಳ್ಳೂರಾದ್ರೂ ನಂದು ಒಂದು ಸೈಟಿರ್ಲಿ. ಆ ಮೂಲೇಲೊಂದು ಮೆಸ್ಸು ಮಡಗು." ಆಮೇಲೆ ಶಿವರಾಜುವಿನ ಕಡೆ ಕಣ್ಣು ಕಿರಿದು ಮಾಡಿ ನೋಡಿದಳು. "ನಿನ್ ಕಿವಿಗೇನಾಗಿತ್ಲಾ? ಎಡ್ತಲೆಯೋರು ಫೋನ್ ಮಾಡಿದ್ರು."

ಆಮೇಲಿನ ದಿನಗಳು ನಂದಿತಾಳ ಲೆಕ್ಕಾಚಾರದಲ್ಲಿ ಇರಲೇ ಇಲ್ಲ. ಜನ ನಿಜವಾಗಿಯೂ ಬಂದರು. ಸುಳ್ಳೂರು ನೋಡಲೆಂದೇ ಬಂದರು. ಫೋನು ಎತ್ತಿಕೊಂಡು "ನಮ್ ಕರೆ ಅಮೂಲ್ಯ ಆದ್ರೆ ಮಾತಾಡಯ್ಯಾ!" ಎಂದು ಬೈದು ನಕ್ಕರು. ಐಡಿ ಕಾರ್ಡುಗಳ ಗೋಡೆಯ ಮುಂದೆ ಮಾತ್ರ ಯಾರೂ ನಗಲಿಲ್ಲ; ಫ್ಯಾಕ್ಟರಿಯ ಶಿಫ್ಟು ಮುಗಿಸಿ ಬಂದವರು ಅಲ್ಲೇ ಬಹಳ ಹೊತ್ತು ನಿಂತು, ತಮ್ಮ ಕತ್ತಿನ ಕಾರ್ಡನ್ನು ಮುಟ್ಟಿ ನೋಡಿಕೊಂಡರು. ಮಾದರಿಯಲ್ಲಿ ಎಂಟರ್ ಕೀಲಿಯ ಪಕ್ಕ ಬೆಂಕಿಪೊಟ್ಟಣದ ಮೆಸ್ಸು ಎದ್ದಿತು. ಅದನ್ನು ನೋಡಿದವರು ಸುಮ್ಮನಿರುತ್ತಾರೆಯೇ? ಹಾಲಿನ ಡೇರಿ ಬಂತು, ಬಾಳೆತೋಟ ಬಂತು, ಬೋರಯ್ಯನವರು ಮಲಗಲು ಒಂದು ಕತ್ತಲೆ ಬೀದಿ ಕೇಳಿದರು. ಅವಳು ಅಲ್ಲಿನ ಪುಟ್ಟ ದೀಪಗಳನ್ನು ಕಿತ್ತುಕೊಟ್ಟಳು.

"ಒಂದು ಮಾಸ್ಟರ್‌ಪೀಸ್ ಅಳಿಸಿದೆ ಕಣೇ ನೀನು," ಎಂದಳು ಮೇಘನಾ ಫೋನಿನಲ್ಲಿ. ನಂದಿತಾಗೆ ಬೇಸರವಾಗಲಿಲ್ಲವೆಂದರೆ ಸುಳ್ಳಾಗುತ್ತದೆ. ಆಯಿತು, ಒಂದು ಸಂಜೆ ಪೂರ್ತಿ ಆಯಿತು. ಆ ಸಂಜೆ ಶಿವರಾಜು ಏನೂ ಕೇಳದೆ ಪಕ್ಕದಲ್ಲಿ ಕುಳಿತು ವೈರು ಸುತ್ತಿದ. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದ.

ಪ್ರದರ್ಶನ ಮುಗಿದ ಮೇಲೆ ಸಾಮಾನನ್ನೆಲ್ಲ ಅವನದೇ ಟೆಂಪೋಗೆ ತುಂಬಿ ಟಿ. ನರಸೀಪುರದ ಅವಳ ಮನೆಗೆ ಹೊರಟರು. ಬೆಳಗಿನ ಬಿಸಿಲು ಎಳೆಯದಾಗಿತ್ತು. ರಸ್ತೆಯ ಎರಡೂ ಕಡೆ ಗದ್ದೆಗೆ ನೀರು ಕಟ್ಟಿದ್ದರು. ಆಕಾಶ ತುಂಡು ತುಂಡಾಗಿ ಕೆಳಗೆ ಬಿದ್ದಿತ್ತು. ಊರು ಬಂತು, ಸಂಗಮಕ್ಕೆ ತಿರುಗುವ ದಾರಿ ಬಂತು. ಶಿವರಾಜು ತಿರುಗಿಸದೆ ಮುಂದೆ ಹೋದ. ಪೆಟ್ರೋಲ್ ಬಂಕಿನ ಪಕ್ಕ, ಚಕ್ರಕ್ಕೆ ಗಾಳಿ ತುಂಬುವ ಅಂಗಡಿಯ ಮುಂದೆ ನಿಲ್ಲಿಸಿದ. ಕಂಪ್ರೆಸರ್ ಟಗಟಗ ಎನ್ನುತ್ತಿತ್ತು.

"ಸಂಗಮ ನೋಡೋಣ ಅಂದಿದ್ದೆ ನಾನು," ಎಂದಳು.

"ಬೇಕಂತಲೇ ಬುಟ್ ಬಂದೆ. ಅಲ್ಲಿ ನಿಲ್ಸಿದ್ರೆ ನಾನೇನೋ ಹೇಳಕ್ಕೆ ಕರ್ಕೊಂಡ್ ಬಂದೆ ಅಂತ ನಿಮಗೆ ಗೊತ್ತಾಗ್ಬುಡ್ತಿತ್ತು. ಎಲ್ರೂ ಅಲ್ಲೇ ಹೇಳದು."

"ಇಲ್ಲಿ ಗೊತ್ತಾಗಲ್ವಾ?"

"ಇಲ್ಲಿ ಗಾಳಿ ಹಿಡ್ಸಕ್ಕೆ ನಿಲ್ಸಿದೀನಿ."

"ಚಕ್ರದಲ್ಲಿ ಗಾಳಿ ಇದೆಯಲ್ಲ."

"ಇದೆ," ಎಂದ. ಸ್ಟೀರಿಂಗನ್ನು ಎರಡೂ ಕೈಯಲ್ಲಿ ಹಿಡಿದ. "ನೋಡಿ, ಇಷ್ಟ್ ದಿನ ಬೇರೆಯೋರು ಬರೆದುಕೊಟ್ಟಿದ್ದನ್ನೇ ಓದಿರೋದು. ನಂದೇ ಒಂದು ಮಾತು ಹೇಳ್ಬೇಕು ಅಂದ್ರೆ ಶುರು ಹೆಂಗೆ ಅಂತಾನೇ ಗೊತ್ತಾಯ್ತಿಲ್ಲ."

"ಆತ್ಮೀಯ ಬಂಧುಗಳೇ ಅಂತ ಶುರು ಮಾಡಿ."

"ಬಂಧುಗಳು ಬ್ಯಾಡ." ಅವನು ಅವಳ ಕಡೆ ತಿರುಗಿದ. "ನೀವೊಬ್ರೇ ಸಾಕು."

ಕಂಪ್ರೆಸರ್ ಸದ್ದು ನಿಂತಿತು. ಆ ಮಾತು ಗಾಳಿಯಲ್ಲಿ ಒಂಟಿಯಾಗಿ, ಬರಿಮೈಯಲ್ಲಿ ನಿಂತ ಹಾಗಾಯಿತು. ಅಂಗಡಿಯವನು ತಲೆಯೆತ್ತಿ ನೋಡಿ, ಮರ್ಯಾದೆಯಿಂದ ಮತ್ತೆ ತಗ್ಗಿಸಿದ.

ನಂದಿತಾ ಕೂದಲಿನ ಪೆನ್ಸಿಲ್ ತೆಗೆದು, ಅದರ ತುದಿಯನ್ನೇ ನೋಡುತ್ತ ಹೇಳಿದಳು: "ಬರ್ಲಿನ್ನಿಗೆ ಮತ್ತೆ ಅರ್ಜಿ ಹಾಕ್ತೀನಿ. ಬೇರೆ ಕೆಲಸ ತೋರಿಸಿ ಹಾಕ್ತೀನಿ. ಸಿಕ್ಕಿದ್ರೆ ಹೋಗ್ತೀನಿ."

"ಹೋಗಿ."

"ಕಾಯ್ತೀರಾ?"

"ಕಾಯದೇನು, ಬತ್ತೀನಿ. ಅಲ್ಲಿ ಮೈಕ್ ಕಟ್ಟೋರು ಬ್ಯಾಡ್ವಾ?"

ಅವಳು ನಕ್ಕಳು. ಈ ಸಲ ಕಣ್ಣು ಮೊದಲು ನಕ್ಕಿತು, ಬಾಯಿ ಆಮೇಲೆ. ಸ್ಟೀರಿಂಗ್ ಮೇಲಿದ್ದ ಅವನ ಕೈಯ ಮೇಲೆ ತನ್ನ ಕೈಯಿಟ್ಟಳು. ಗ್ರೀಸು ಹತ್ತಿತು. ತೆಗೆಯಲಿಲ್ಲ.

"ನೀವು ನೀವು ಅನ್ನೋದು ಬಿಡಿ," ಎಂದಳು.

"ನೀವೂ ಬುಡಿ."

ಆಗ ಅವಳ ಫೋನು ರಿಂಗಾಯಿತು. ಅವಳ ತಾಯಿ, ಚನ್ನಬಸಮ್ಮ. "ಎಲ್ಲಿದ್ದೀಯೇ? ಮುದ್ದೆಗೆ ಎಸರು ಇಡ್ತಾ ಇವ್ನಿ. ಎಷ್ಟ್ ಜನಕ್ಕೆ?"

"ನನ್ನ ಜೊತೆ ಇನ್ನೊಬ್ರು ಬರ್ತಾರಮ್ಮ."

"ಯಾರು, ಆ ಟೆಂಪೋದೋರಾ?"

ನಂದಿತಾ ಅವನನ್ನು ನೋಡಿದಳು. ಅವನು ಉಸಿರು ಬಿಗಿಹಿಡಿದು ಹೊರಗಿನ ಟಯರುಗಳನ್ನು ಅಧ್ಯಯನ ಮಾಡುತ್ತಿದ್ದ.

"ಟೆಂಪೋದೋರೇ. ಆದ್ರೆ ಸಾಮಾನು ಇಳಿಸಿ ಹೊರಟೋಗೋರಲ್ಲ."

ಅತ್ತ ಕಡೆ ಒಗ್ಗರಣೆ ಚಿಟಪಟ ಎಂದದ್ದು ಕೇಳಿಸಿತು, ಆರಿದ್ದೂ ಕೇಳಿಸಿತು.

"ಅಯ್ಯೋ ಶಿವನೇ," ಎಂದರು ಚನ್ನಬಸಮ್ಮ ಕೊನೆಗೆ. "ಉಪ್ಸಾರು ಮಾಡಿವ್ನಲ್ಲೇ ನಾನು! ಮೊದ್ಲ್ ಸಲ ಮನೆಗೆ ಬತ್ತಿರೋರ್ಗೆ ಉಪ್ಸಾರು ಬಡ್ಸದಾ? ಈಗ್ಲೇ ಬರ್ಬ್ಯಾಡಿ. ಅರ್ಧ ಗಂಟೆ ಎಲ್ಲಾರ ಸುತ್ತಾಡ್ಕೊಂಡು ಬನ್ನಿ."

ಫೋನು ಕಟ್ಟಾಯಿತು.

"ಏನಂದ್ರು?" ಶಿವರಾಜು ಟಯರುಗಳನ್ನು ಬಿಟ್ಟು ಕೇಳಿದ.

"ಈಗಲೇ ಬರಬೇಡಿ ಅಂದ್ರು."

ಅವನ ಮುಖ ಇಳಿಯಿತು. ಅದು ಪೂರ್ತಿ ಇಳಿಯುವವರೆಗೂ ನಂದಿತಾ ಆಸೆಪಟ್ಟು ನೋಡಿದಳು.

"ಪಾಯಸಕ್ಕೆ ಇಡ್ತಿದಾರೆ ಕಣೋ," ಎಂದಳು.